‘ಉದುರು’ ಮತ್ತು ‘ಅಳಿ’: ಚರ್ಮರೋಗಶಾಸ್ತ್ರದ ಕನ್ನಡ ಪರಿಭಾಷೆಯಲ್ಲಿ ಕೆಲವು ವಿಚಾರಗಳು

ಪಾಶ್ಚಾತ್ಯ ವೈದ್ಯಶಾಸ್ತ್ರದ ಮಾತುಗಳನ್ನು ಕನ್ನಡದಲ್ಲಿ ಹೇಗೆ ಹೇಳಬೇಕೆಂಬ ಚರ್ಚೆ ಹೊಸದಲ್ಲ. 1917ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯನ್ನು ನೆಲೆಗೊಳಿಸಿ, ಮರುವರ್ಷದಿಂದ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದಂದಿನಿಂದ ಈ ತೊಡಕು ಕನ್ನಡಿಗರ ಬೆನ್ನಿಗಿದೆ. ಆದರೆ ಅಂದಿನ ಪರಿಭಾಷೆ ಬಹುಮಟ್ಟಿಗೆ ಪಾಠಶಾಲೆಗೆ ಸಂಬಂಧಪಟ್ಟಿದ್ದಿತು; ಇಂದಿನದು ರೋಗಿಯ ಕೈಗೆ ಕೊಡುವ ಚೀಟಿಗೆ ಸಂಬಂಧಪಟ್ಟಿದೆ. ಮೈಮೇಲಿನ ಒಂದು ಕಲೆಯ ಚೂರನ್ನು ಕತ್ತರಿಸಿ ಪರೀಕ್ಷೆಗೆ ಕಳುಹಿಸಿದವನಿಗೆ ಬರುವ ಉತ್ತರದಲ್ಲಿ ಇರುವ ಮಾತು ಹುಣ್ಣು ಎಂದೋ, ಕ್ಯಾನ್ಸರ್ ಎಂದೋ, ಇವೆರಡಕ್ಕೂ ನಡುವಣ ಒಂದು ಅವಸ್ಥೆಯೆಂದೋ ಆಗಿರುತ್ತದೆ. ಈ ನಡುವಣ ಅವಸ್ಥೆಗೆ ಕನ್ನಡದಲ್ಲಿ ನಡೆದುಬಂದಿರುವ ಹೆಸರುಗಳು ಅರ್ಥಕ್ಕೆ ತಕ್ಕವೆ ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ಮೊದಲು ವಸ್ತುಸ್ಥಿತಿಯನ್ನು ಹೇಳುವುದು ಯುಕ್ತ. ಶರೀರದಲ್ಲಿ ಕೋಶಗಳು ಸಾಯುವುದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಸುಟ್ಟರೆ, ಜಜ್ಜಿದರೆ, ರಕ್ತ ನಿಂತುಹೋದರೆ ಕೋಶವು ಊದಿಕೊಂಡು, ಅದರ ಪೊರೆ ಒಡೆದು, ಒಳಗಿನ ದ್ರವ್ಯವೆಲ್ಲ ಹೊರಕ್ಕೆ ಸೋರಿ, ನೆರೆಯ ಭಾಗವೆಲ್ಲ ಕೆಂಪೇರಿ ಬಾತುಕೊಳ್ಳುತ್ತದೆ. ಇದನ್ನು ನೆಕ್ರೋಸಿಸ್ ಎನ್ನುತ್ತಾರೆ. ಇನ್ನೊಂದು ದಾರಿ ಬೇರೆ ತೆರನಾದುದು. ಕೋಶವು ತನ್ನೊಳಗಿನ ಶಕ್ತಿಯನ್ನೇ ವ್ಯಯಿಸಿ, ಕುಗ್ಗಿ, ತನ್ನ ಬೀಜಭಾಗವನ್ನು ಒತ್ತೊತ್ತಾಗಿ ಮುದುಡಿಸಿ, ಪೊರೆ ಮುಚ್ಚಿದ ಚಿಕ್ಕ ಚಿಕ್ಕ ತುಣುಕುಗಳಾಗಿ ಬೇರ್ಪಡುತ್ತದೆ, ನೆರೆಯ ಕೋಶಗಳು ಆ ತುಣುಕುಗಳನ್ನು ನುಂಗಿಬಿಡುತ್ತವೆ, ಬಾವಿಲ್ಲ, ಸೋರಿಕೆಯಿಲ್ಲ. ಈ ಎರಡನೆಯ ದಾರಿಗೆ 1972ರಲ್ಲಿ ಕೆರ್, ವೈಲಿ, ಕ್ಯೂರಿ ಎಂಬ ಮೂವರು ವಿದ್ವಾಂಸರು ಅಪೊಪ್ಟೋಸಿಸ್ ಎಂದು ಹೆಸರಿಟ್ಟರು. ಕೆರ್ ಮೊದಲು ಇದನ್ನು ಕುಗ್ಗುವ ನೆಕ್ರೋಸಿಸ್ ಎಂದು ಕರೆದಿದ್ದನು. ಹಾಗೆ ಕರೆದರೆ ಎರಡು ದಾರಿಗಳ ಭೇದವೇ ಮರೆಯಾಗುವುದೆಂದು ಬೇರೆ ಮಾತನ್ನು ಹುಡುಕಬೇಕಾಯಿತು. ಹೊಸ ಹೆಸರನ್ನು ಸೂಚಿಸಿದವನು ವೈದ್ಯನಲ್ಲ. ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿ ಗ್ರೀಕ್ ಭಾಷೆಯ ಪ್ರಾಧ್ಯಾಪಕನಾಗಿದ್ದ ಜೇಮ್ಸ್ ಕಾರ್ಮಕ್. ವೈದ್ಯರು ಹೊಸ ವಸ್ತುವನ್ನು ಕಂಡಾಗ ಹೆಸರಿಗಾಗಿ ಭಾಷಾಪಂಡಿತನ ಮನೆಯ ಬಾಗಿಲಿಗೆ ಹೋದ ಈ ಸಂಗತಿಯನ್ನು ಕನ್ನಡದ ಪರಿಭಾಷಾ ಸಮಿತಿಗಳು ನೆನಪಿನಲ್ಲಿಡುವುದು ಒಳ್ಳೆಯದು.

ಗ್ರೀಕಿನಲ್ಲಿ ಆ ಮಾತಿಗೆ ಮರದಿಂದ ಎಲೆ, ಹೂವಿನಿಂದ ದಳ ಉದುರುವುದೆಂಬ ಅರ್ಥ. ಅದರ ಅವಯವಗಳನ್ನು ಬಿಡಿಸಿದರೆ ಸಂಸ್ಕೃತ ಬಲ್ಲವರಿಗೆ ಸಂತೋಷವಾಗದಿರದು. ‘ಅಪೊ’ ಎಂಬುದು ಸಂಸ್ಕೃತದ ‘ಅಪ’ ಎಂಬ ಉಪಸರ್ಗಕ್ಕೆ ಸಗೋತ್ರವಾದುದು. ‘ಪ್ಟೋಸಿಸ್’ ಎಂಬುದರ ಮೂಲಧಾತು ಸಂಸ್ಕೃತದ ‘ಪತ್’ ಧಾತುವಿಗೆ ಒಡಹುಟ್ಟಿದುದು. ಆದುದರಿಂದ ಅಕ್ಷರಾನುಸಾರವಾಗಿ ಅದು ‘ಅಪಪತನ’ವೇ ಸರಿ. ಅಷ್ಟೇ ಅಲ್ಲ, ಎಲೆಯನ್ನು ಹೇಳುವ ‘ಪತ್ರ’ ಶಬ್ದವನ್ನೂ ವೈಯಾಕರಣರು ಇದೇ ಧಾತುವಿನಿಂದ ಸಾಧಿಸುತ್ತಾರೆ. ಬೀಳುವುದೇ ಎಲೆಯ ಹೆಸರಿನಲ್ಲಿದೆ. ಶರೀರ ಶಬ್ದವನ್ನು ‘ಶೄ’ ಧಾತುವಿನಿಂದ ಸಾಧಿಸುವ ಸಂಪ್ರದಾಯವೂ ಪ್ರಸಿದ್ಧವಾಗಿದೆ, ಶಿಥಿಲವಾಗುವುದೇ ಶರೀರವೆಂದಾಯಿತು. ಹೀಗೆ ಪದಸಾಮಗ್ರಿ ಕೈಯಲ್ಲಿದ್ದರೂ ಕನ್ನಡದ ಬರಹಗಳಲ್ಲಿ ಈ ಪ್ರಕ್ರಿಯೆಗೆ ರೂಢಿಯಾಗುತ್ತಿರುವ ಮಾತು ‘ಜೀವಕೋಶದ ಆತ್ಮಹತ್ಯೆ’.

ಈ ಮಾತು ಮೂರು ವಿಧದಲ್ಲಿ ಅಯುಕ್ತ. ಮೊದಲನೆಯದಾಗಿ ಇದು ಇಂಗ್ಲಿಷಿನ ಪತ್ರಿಕಾಭಾಷೆಯಿಂದ ನೇರವಾಗಿ ಇಳಿದದ್ದು. ಮೂಲಶಾಸ್ತ್ರದ ಹೆಸರಿನಲ್ಲಿ ಹತ್ಯೆಯ ಲೇಶವೂ ಇಲ್ಲ. ಎರಡನೆಯದಾಗಿ, ಆತ್ಮವೆಂಬ ಶಬ್ದವನ್ನು ಕೋಶಕ್ಕೆ ಅನ್ವಯಿಸಿದರೆ ಕೊಲ್ಲುವವನಾರು, ಕೊಲ್ಲಲ್ಪಡುವವನಾರು ಎಂಬ ಪ್ರಶ್ನೆ ಏಳುತ್ತದೆ. ‘ಕೋಶ’ ಶಬ್ದವೇ ವೇದಾಂತದಲ್ಲಿ ಆತ್ಮವನ್ನು ಮುಚ್ಚಿದ ಒರೆಯನ್ನು ಹೇಳುತ್ತಿರಲು ಒರೆಯ ಆತ್ಮಹತ್ಯೆ ಎಂಬುದು ನಗೆಗೆ ಈಡಾಗುತ್ತದೆ. ಮೂರನೆಯದೇ ಗುರುತರವಾದುದು. ಆ ಮಾತನ್ನು ಓದುವವರ ಮನೆಗಳಲ್ಲಿ ಅದು ಒಂದು ರೂಪಕವಾಗಿ ಮಾತ್ರ ಇರುವುದಿಲ್ಲ. ಹತ್ತಿರದವರನ್ನು ಹಾಗೆ ಕಳೆದುಕೊಂಡವರು ನಮ್ಮ ಗ್ರಾಮಗಳಲ್ಲಿ ವಿರಳರಲ್ಲ. ಶರೀರದ ಆರೋಗ್ಯವನ್ನು ಕಾಯುವ ಒಂದು ನಿತ್ಯವ್ಯಾಪಾರವನ್ನು ಅವರಿಗೆ ಆ ಹೆಸರಿನಿಂದ ಪರಿಚಯ ಮಾಡಿಕೊಡುವುದು ಅವಿವೇಕ.

ಕನ್ನಡನಾಡಿನ ಶಾಸನಗಳನ್ನು ಬಲ್ಲವರಿಗೆ ಇಲ್ಲಿ ‘ಸಲ್ಲೇಖನ’ವೆಂಬ ಮಾತು ಹೊಳೆಯಬಹುದು. ತೆಳುವಾಗಿಸಿಕೊಳ್ಳುತ್ತ ಹೋಗುವುದೆಂಬ ಅದರ ಯೌಗಿಕಾರ್ಥವು ಕುಗ್ಗುವ ಕೋಶಕ್ಕೆ ಸೊಗಸಾಗಿ ಹೊಂದುತ್ತದೆ. ಆದರೆ ಅದು ಬುದ್ಧಿಪೂರ್ವಕವಾದ ವ್ರತ. ಗುರುವಿನ ಅನುಮತಿಯಿಂದ ನಡೆಯುವಂಥದು. ವ್ರತದ ಹೆಸರನ್ನು ಅಚೇತನವ್ಯಾಪಾರಕ್ಕೆ ಕೊಡುವುದು ವ್ರತಕ್ಕೂ ಶಾಸ್ತ್ರಕ್ಕೂ ನ್ಯಾಯವಲ್ಲ. ‘ಯೋಜಿತ ಕೋಶಮರಣ’ವೆಂಬುದು ದೋಷರಹಿತವಾದರೂ ಜೀವವಿಲ್ಲದ ಮಾತು, ಯೋಜಿಸಿದವರಾರೆಂಬ ಶಂಕೆಯನ್ನೂ ಬಿಡಿಸದು.

ಗ್ರೀಕರು ಎಲೆಯುದುರುವುದನ್ನು ನೋಡಿ ಇಟ್ಟ ಹೆಸರಿಗೆ ಕನ್ನಡದ ಕಾಡಿನಲ್ಲಿ ಸಾಕ್ಷ್ಯವಿಲ್ಲದಿಲ್ಲ. ಹೆಗ್ಗಡದೇವನಕೋಟೆ ಸೀಮೆಯ ಬೀಚನಹಳ್ಳಿಯಲ್ಲಿ ಕಪಿಲೆಗೆ ಕಟ್ಟಿದ ಅಣೆಕಟ್ಟು 1974ರಲ್ಲಿ ಮುಗಿಯಿತು. ಅದರ ಹಿನ್ನೀರಿನ ಎರಡು ದಡಗಳಲ್ಲಿ ಇರುವುದು ಎಲೆಯುದುರುವ ಕಾಡು: ತೇಗ, ಮತ್ತಿ, ಹೊನ್ನೆ, ದಿಂಡಿಗ. ಮಾಗಿ ಕಳೆದು ಬೇಸಗೆ ಬರುವಾಗ ಈ ಮರಗಳು ಎಲೆಯ ಸಾರವನ್ನು ಒಳಕ್ಕೆ ಎಳೆದುಕೊಂಡು, ತೊಟ್ಟಿನ ಬುಡದಲ್ಲಿ ತಾವೇ ಒಂದು ಬಿಡುಪದರವನ್ನು ಬೆಳೆಸಿ, ಎಲೆಯನ್ನು ಕಳಚುತ್ತವೆ. ಇದು ಸಾಯುವ ಮರದ ಲಕ್ಷಣವಲ್ಲ, ಬದುಕುವ ಮರದ ಕೆಲಸ. ಅದೇ ನೀರಿನ ನಡುವೆ, ಅಣೆ ತುಂಬಿದಾಗ ಬೇರು ಉಸಿರುಕಟ್ಟಿ ಸತ್ತ ಮರಗಳ ಬೋಳುಕಾಂಡಗಳು ನಿಂತಿವೆ. ಅವುಗಳಿಗೆ ಬಂದದ್ದು ಹೊರಗಿನಿಂದ ಬಂದ ಮರಣ. ಎರಡು ಮರಣಗಳ ಭೇದವನ್ನು ವಿದ್ಯಾರ್ಥಿಗೆ ತೋರಿಸಬೇಕೆಂಬ ಉಪಾಧ್ಯಾಯನು ಅವನನ್ನು ಅಲ್ಲಿಯ ದಡದಲ್ಲಿ ನಿಲ್ಲಿಸಿದರೆ ಸಾಕು.

ಇದಕ್ಕಿಂತಲೂ ಸ್ಫುಟವಾದ ನಿದರ್ಶನ ಮನೆಯಂಗಳದಲ್ಲೇ ಇದೆ. ಮದುವೆಯ ಚಪ್ಪರಕ್ಕೆ ಕಡಿದು ತಂದು ಹೊದಿಸಿದ ಸೊಪ್ಪಿನ ಕೊಂಬೆಗಳನ್ನು ನೋಡಬೇಕು. ಎಲೆ ಒಣಗಿ ಗರಿಗರಿಯಾಗುತ್ತದೆ, ಬಣ್ಣಗೆಡುತ್ತದೆ, ಆದರೆ ತೊಟ್ಟನ್ನು ಬಿಡುವುದಿಲ್ಲ. ಕಡಿದ ಕೊಂಬೆಗೆ ಎಲೆಯನ್ನು ಉದುರಿಸುವಷ್ಟು ಪ್ರಾಣವಿಲ್ಲ. ಉದುರಿಸಲು ಜೀವ ಬೇಕು. ಕೋಶದ ವಿಷಯದಲ್ಲಿಯೂ ಹೀಗೆಯೇ: ಶಕ್ತಿ ತೀರಿಹೋದ ಕೋಶವು ಕ್ರಮವಾಗಿ ಕಳಚಿಕೊಳ್ಳಲಾರದೆ ಒಡೆದು ಹಾಳಾಗುತ್ತದೆಂದು ಪರೀಕ್ಷೆಗಳಿಂದ ಗೊತ್ತಾಗಿದೆ. ಇಷ್ಟು ಹತ್ತಿರದ ಸಾಮ್ಯವನ್ನು ಗ್ರೀಕ್ ಪ್ರಾಧ್ಯಾಪಕನು ಮುಂಗಂಡಿದ್ದನೆಂದು ಹೇಳಲಾಗದು; ಮಾತು ಸರಿಯಾಗಿ ಬಿದ್ದರೆ ಅದು ಇಟ್ಟವನ ಅರಿವಿಗಿಂತ ಮುಂದೆ ಹೋಗುತ್ತದೆ.

ಹಾಗಾದರೆ ಕನ್ನಡದಲ್ಲಿ ಏನೆನ್ನಬೇಕು? ‘ಉದಿರ್’ ಎಂಬ ಹಳಗನ್ನಡ ಧಾತು ಇಂದಿಗೂ ‘ಉದುರು’ ಎಂದು ಎಲ್ಲರ ಬಾಯಲ್ಲಿದೆ. ಆದರೆ ‘ಕೋಶೋದುರು’ ಎಂದು ಸಂಧಿ ಮಾಡಿದರೆ ಸಂಸ್ಕೃತ ನಾಮಕ್ಕೆ ಕನ್ನಡ ಪದವನ್ನು ಬೆಸೆದ ಅರಿಸಮಾಸವಾಗಿ, ಕೇಶಿರಾಜನ ಕಾಲದಿಂದ ವೈಯಾಕರಣರು ದೂಷಿಸಿದ ದೋಷಕ್ಕೆ ಒಳಗಾಗುತ್ತದೆ. ಬಿರುದಾವಳಿ, ಗಮಕಸಮಾಸ, ಕ್ರಿಯಾಸಮಾಸಗಳಿಗೆ ಮಾತ್ರ ಅಲ್ಲಿ ವಿನಾಯಿತಿ. ‘ಕೋಶಪತನ’ವೆಂದರೆ ನೀತಿಗೆಟ್ಟವನ ಪತನ ನೆನಪಾಗುತ್ತದೆ. ‘ಕೋಶಶಾತನ’ ಶುದ್ಧವಾದರೂ ನಿಘಂಟಿಲ್ಲದೆ ತಿಳಿಯದು. ಷಷ್ಠಿಯನ್ನು ಬಿಡದೆ ‘ಕೋಶದ ಉದುರುವಿಕೆ’ ಎನ್ನುವುದೂ, ಕ್ರಿಯೆಯಾಗಿ ಬರುವೆಡೆಯಲ್ಲಿ ‘ಕೋಶವು ತೊಟ್ಟುಗಳಚುತ್ತದೆ’ ಎನ್ನುವುದೂ ನಿರ್ದುಷ್ಟವಾದ ದಾರಿಗಳು. ತೊಟ್ಟುಗಳಚು ಎಂಬುದು ಮೈದಡವು, ಕೈಗೊಳ್ಳು ಎಂಬಂತೆ ಸಹಜವಾದ ಕ್ರಿಯಾಸಮಾಸ.

ನೆಕ್ರೋಸಿಸ್ ಎಂಬುದಕ್ಕೆ ಆಯುರ್ವೇದದ ‘ಕೋಥ’ವನ್ನು ಕೊಡುವವರುಂಟು. ಕೋಥವೆಂದರೆ ಕೊಳೆತ, ಎಲ್ಲ ನೆಕ್ರೋಸಿಸ್ಸೂ ಕೊಳೆಯುವುದಿಲ್ಲ. ಇದಕ್ಕೆ ‘ಅೞಿ’ ಎಂಬ ಹಳಗನ್ನಡ ಧಾತುವೇ ಸಾಕು. ‘ಅಳಿವು’ ಎಂದರೆ ನಾಶ; ಆಡುಮಾತಿನಲ್ಲಿ ‘ಅಳಿತ ಹಣ್ಣು’ ಎಂದರೆ ಸಿಪ್ಪೆ ಬಿರಿದು ರಸ ಸೋರಿ ಪಕ್ಕದ ಹಣ್ಣನ್ನೂ ಕೆಡಿಸುವಂಥದು. ಉದುರುವುದು ಒಂದು, ಅಳಿಯುವುದು ಇನ್ನೊಂದು. ಎರಡು ಅಚ್ಚಗನ್ನಡ ಕ್ರಿಯಾಪದಗಳಲ್ಲಿ ಶಾಸ್ತ್ರದ ಭೇದವೆಲ್ಲ ಅಡಗಿದೆ.

ಚರ್ಮದ ವಿಷಯಕ್ಕೆ ಬಂದರೆ ಮಾತು ಮತ್ತಷ್ಟು ಸೂಕ್ಷ್ಮವಾಗುತ್ತದೆ. ಚರ್ಮದ ಹೊರಮೈ ಸತ್ತ ಕೋಶಗಳಿಂದಲೇ ಆದುದು. ತಳಪದರದಲ್ಲಿ ಹುಟ್ಟಿದ ಕೋಶವು ಮೇಲೇರುತ್ತ, ಗಟ್ಟಿಯಾಗುತ್ತ, ಕೊನೆಗೆ ಹೊಟ್ಟಾಗಿ ಉದುರಿಹೋಗುತ್ತದೆ. ಹಾವು ಪೊರೆಯನ್ನು ಒಮ್ಮೆಗೇ ಕಳಚುವುದನ್ನು ಮನುಷ್ಯನು ದಿನದಿನವೂ ಕಾಣದಂತೆ ಮಾಡುತ್ತಿರುತ್ತಾನೆ. ಸುಶ್ರುತನು ಅವಭಾಸಿನೀ, ಲೋಹಿತಾ, ಶ್ವೇತಾ, ತಾಮ್ರಾ, ವೇದಿನೀ, ರೋಹಿಣೀ, ಮಾಂಸಧರಾ ಎಂದು ಚರ್ಮಕ್ಕೆ ಏಳು ಪದರಗಳನ್ನು ಎಣಿಸಿ, ಒಂದೊಂದರ ದಪ್ಪವನ್ನು ಭತ್ತದ ಕಾಳಿನ ಅಳತೆಯಲ್ಲಿ ಹೇಳಿ, ಯಾವ ರೋಗಕ್ಕೆ ಯಾವ ಪದರ ನೆಲೆಯೆಂಬುದನ್ನೂ ವಿಭಾಗಿಸಿದ್ದಾನೆ. ತಿಲಕಾಲಕವು ಎರಡನೆಯದರಲ್ಲಿ, ಕುಷ್ಠವು ನಾಲ್ಕನೆಯ ಮತ್ತು ಐದನೆಯವುಗಳಲ್ಲಿ, ಅರ್ಬುದವು ಆರನೆಯದಾದ ರೋಹಿಣಿಯಲ್ಲಿ. ಚರಕನ ಎಣಿಕೆ ಆರೇ. ರೋಗವನ್ನು ಪದರದಿಂದ ಗುರುತಿಸುವ ಈ ಕ್ರಮ ಇಂದಿನ ಪರೀಕ್ಷಕನ ಕ್ರಮಕ್ಕೆ ಹತ್ತಿರವಾಗಿದೆ. ಏಕೆಂದರೆ 1912ರಲ್ಲಿ ಬಾಸ್ಟನ್ನಿನ ಬೋವೆನ್ ವರ್ಣಿಸಿದ ಚರ್ಮರೋಗದಲ್ಲಿ ಹೊರಚರ್ಮದ ದಪ್ಪವೆಲ್ಲ ಕೆಟ್ಟಿದ್ದರೂ ಕೋಶಗಳು ಅದರ ತಳದ ಪೊರೆಯನ್ನು ದಾಟಿರುವುದಿಲ್ಲ, ದಾಟಿದರೆ ಹೆಸರೇ ಬದಲಾಗುತ್ತದೆ. ಆದರೆ ಸುಶ್ರುತನಿಗೆ ಇದೆಲ್ಲ ತಿಳಿದಿತ್ತೆಂದು ಸಾರುವ ಬರಹಗಳು ಸುಶ್ರುತನಿಗೆ ಉಪಕಾರ ಮಾಡುವುದಿಲ್ಲ. ಅವನ ಅರ್ಬುದವು ಉಬ್ಬಿದ, ನೆಲೆಗೊಂಡ ಮಾಂಸಗ್ರಂಥಿ. ಅದೇ ಶಬ್ದ ಗರ್ಭದ ಒಂದು ಅವಸ್ಥೆಗೂ, ಹತ್ತು ಕೋಟಿಯ ಸಂಖ್ಯೆಗೂ, ರಾಜಸ್ಥಾನದ ಒಂದು ಬೆಟ್ಟಕ್ಕೂ ಹೆಸರಾಗಿದೆ. ಸಾಮ್ಯವನ್ನು ತೋರಿಸಿ ಅಲ್ಲಿಗೆ ನಿಲ್ಲುವುದು ಪಾಂಡಿತ್ಯಕ್ಕೆ ಶೋಭೆ.

ಇನ್ನು ಮುಖ್ಯವಾದ ಪ್ರಶ್ನೆ. ಕ್ಯಾನ್ಸರಿಗೆ ಮುಂಚಿನ ಅವಸ್ಥೆಯನ್ನು ‘ಕ್ಯಾನ್ಸರ್‌ಪೂರ್ವ’, ‘ಪೂರ್ವಾರ್ಬುದ’, ‘ಕ್ಯಾನ್ಸರಿನ ಪೂರ್ವರೂಪ’ ಎಂದು ಬರೆಯುವುದು ರೂಢಿಯಾಗಿದೆ. ಪೂರ್ವರೂಪವೆಂಬುದು ನಿದಾನಪಂಚಕದಲ್ಲಿ ಒಂದು; ಮುಂದೆ ಬರಲಿರುವ ವ್ಯಾಧಿಯನ್ನು ಮುಂದಾಗಿ ತಿಳಿಸುವ ಲಕ್ಷಣಕ್ಕೆ ಅಲ್ಲಿ ಆ ಹೆಸರು. ಜ್ವರ ಬರುವ ಮುನ್ನ ಮೈ ಭಾರವಾದಂತೆ. ವ್ಯಾಧಿ ಬಾರದಿದ್ದರೆ ಅದು ಪೂರ್ವರೂಪವೇ ಅಲ್ಲ. ಕೇವಲ ‘ಪೂರ್ವ’ವೆಂದರೂ ಬಿಡುಗಡೆಯಿಲ್ಲ. ತಾರ್ಕಿಕರ ಪ್ರಾಗಭಾವವನ್ನು ಇಲ್ಲಿ ಸ್ಮರಿಸಬೇಕು: ಮಡಕೆ ಹುಟ್ಟುವ ಮುನ್ನ ಅದರ ಇಲ್ಲದಿರುವಿಕೆಯನ್ನು ಪ್ರಾಗಭಾವವೆನ್ನುವುದು ‘ಇಲ್ಲಿ ಮಡಕೆ ಆಗುವುದು’ ಎಂಬ ನಿಶ್ಚಯವಿದ್ದಾಗ ಮಾತ್ರ. ಎಂದೂ ಹುಟ್ಟದ ಮಡಕೆಗೆ ಪ್ರಾಗಭಾವವಿಲ್ಲ. ಹೀಗಿರಲು ಕ್ಯಾನ್ಸರ್‌ಪೂರ್ವವೆಂದು ಚೀಟಿಯಲ್ಲಿ ಬರೆದವನು, ತಿಳಿದೋ ತಿಳಿಯದೆಯೋ, ಕ್ಯಾನ್ಸರ್ ಬಂದೇ ಬರುವುದೆಂದು ಬರೆದಂತಾಯಿತು.

ವಸ್ತುಸ್ಥಿತಿ ಹಾಗಿಲ್ಲ. ಬಿಸಿಲಿನಿಂದ ಚರ್ಮದ ಮೇಲೆ ಏಳುವ ಒರಟು ಕಲೆಗಳಲ್ಲಿ ಬಹುಭಾಗ ಮಾರಕವಾಗುವುದಿಲ್ಲ. ಕೆಲವು ತಾವಾಗಿಯೇ ಅಡಗುತ್ತವೆ. ಬಾಯಿಯ ರೋಗಗಳ ವಿಷಯದಲ್ಲಿ ವೈದ್ಯರೇ ಈ ಮಾತಿನ ದೋಷವನ್ನು ಕಂಡುಕೊಂಡರು. 2005ರಲ್ಲಿ ಲಂಡನ್ನಿನಲ್ಲಿ ಸೇರಿದ ತಜ್ಞರು ‘ಪೂರ್ವ’ವೆಂಬ ಮಾತನ್ನು ಬಿಟ್ಟು, ಮಾರಕವಾಗುವ ಸಾಮರ್ಥ್ಯವುಳ್ಳ ವಿಕಾರಗಳೆಂದು ಕರೆಯಲು ನಿಶ್ಚಯಿಸಿದರು, ಆ ನಿರ್ಣಯ 2007ರಲ್ಲಿ ಪ್ರಕಟವಾಯಿತು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಂಥ ಹೊಗೆಸೊಪ್ಪಿನ ಸೀಮೆಯಲ್ಲಿ ಈ ಬದಲಾವಣೆ ದೂರದ ಸುದ್ದಿಯಲ್ಲ. ಹೊಗೆಸೊಪ್ಪು ಅಗಿಯುವವನ ಕೆನ್ನೆಯೊಳಗಿನ ಬಿಳಿಯ ಕಲೆಗೆ ಏನು ಹೆಸರಿಡುವರೆಂಬುದರ ಮೇಲೆ, ಅವನು ಅಗಿಯುವುದನ್ನು ನಿಲ್ಲಿಸಿ ಮತ್ತೆ ಆಸ್ಪತ್ರೆಗೆ ಬರುವನೋ, ಇನ್ನೇನಾದರೂ ಒಂದೇ ಎಂದು ಕೈಚೆಲ್ಲುವನೋ ಎಂಬುದು ನಿಂತಿದೆ.

ಇದೇ ಭೇದವನ್ನು ನ್ಯಾಯಶಾಸ್ತ್ರವು ಸ್ವರೂಪಯೋಗ್ಯತೆ, ಫಲೋಪಧಾಯಕತೆ ಎಂಬ ಎರಡು ಮಾತುಗಳಿಂದ ಬಿಡಿಸುತ್ತದೆ. ಕಾಡಿನಲ್ಲಿ ಬಿದ್ದಿರುವ ಕೋಲಿಗೆ ಕುಂಬಾರನ ಚಕ್ರವನ್ನು ತಿರುಗಿಸುವ ಯೋಗ್ಯತೆಯಿದೆ. ಆದರೂ ಅದು ಎಂದೂ ಒಂದು ಮಡಕೆಗೆ ಕಾರಣವಾಗದೆ ಗೆದ್ದಲ ಪಾಲಾಗಬಹುದು. ಚರ್ಮದ ಈ ಅವಸ್ಥೆ ಆ ಕೋಲಿನಂಥದು. ಆದರೆ ‘ಅರ್ಬುದಯೋಗ್ಯ’ವೆಂದರೆ ಕನ್ನಡದ ಕಿವಿಗೆ ಪುರಸ್ಕಾರದಂತೆ ಕೇಳಿಸೀತು. ಇಲ್ಲಿ ಸಂಸ್ಕೃತದ ಆಸರೆ ಬೇಕಿಲ್ಲ. ‘ಆಗುವುದು’, ‘ಆಗಲಿದೆ’, ‘ಆಗಬಲ್ಲದು’, ‘ಆದೀತು’ ಎಂಬ ನಾಲ್ಕು ರೂಪಗಳನ್ನು ಕನ್ನಡದ ಕ್ರಿಯಾಪದ ತಾನಾಗಿಯೇ ಬೇರ್ಪಡಿಸಿ ಇಟ್ಟಿದೆ. ‘ಕ್ಯಾನ್ಸರಾಗಬಲ್ಲ ಕಲೆ’ ಎಂಬುದು ಶಾಸ್ತ್ರಕ್ಕೆ ಸರಿ. ರೋಗಿಗೆ ಹೇಳುವಾಗ ‘ನೋಡಿಕೊಳ್ಳದೆ ಬಿಟ್ಟರೆ ಆದೀತು’ ಎಂಬ ಸಂಭಾವನಾರೂಪ ಅದಕ್ಕಿಂತಲೂ ಸರಿ. ಹಳ್ಳಿಯ ಹಿರಿಯನೊಬ್ಬ ಮಳೆಯನ್ನು ಕುರಿತು ‘ಬಂದೀತು’ ಎನ್ನುವಾಗ ಇರುವ ಎಚ್ಚರ ಆ ರೂಪದಲ್ಲಿದೆ.

ಪ್ರೋಟೀನ್ ಗುರುತುಗಳ ಪ್ರಸಂಗವೂ ಇದಕ್ಕೆ ಸೇರಿದುದು. (ಪ್ರೋಟೀನಿಗೆ ಪಾಠಪುಸ್ತಕಗಳು ಕೊಡುವ ‘ಸಸಾರಜನಕ’ವು ಅದರಲ್ಲಿ ಸಾರಜನಕವಿದೆಯೆಂಬುದನ್ನು ಬಿಟ್ಟು ಏನನ್ನೂ ಹೇಳದು, ಮೂಲದ ಹೆಸರನ್ನೇ ಇಟ್ಟುಕೊಳ್ಳುವುದು ಲೇಸು.) ಕಲೆಯ ಚೂರಿಗೆ ಬಣ್ಣ ಹಾಕಿ, ಯಾವ ಪ್ರೋಟೀನು ಎಲ್ಲಿ ಎಷ್ಟು ಇದೆಯೆಂದು ನೋಡುತ್ತಾರೆ. ಕೋಶದ ಉದುರುವಿಕೆಯನ್ನು ತಡೆಯುವ ಬಿಸಿಎಲ್-2, ಕೋಶವು ವಿಭಾಗವಾಗುತ್ತಿರುವುದನ್ನು ತಿಳಿಸುವ ಕೆಐ-67, ಕೆಟ್ಟ ಕೋಶವನ್ನು ತಡೆದು ನಿಲ್ಲಿಸುವ ಅಥವಾ ಉದುರಿಸುವ ಪಿ-53 ಇವುಗಳಲ್ಲಿ ಮುಖ್ಯವಾದುವು. ಹೆಸರುಗಳೇ ವಿನೋದಕರ. ಕೆಐ ಎಂಬುದು ಜರ್ಮನಿಯ ಕೀಲ್ ನಗರದ ಮೊದಲೆರಡಕ್ಷರ, 67 ಎಂಬುದು ಪರೀಕ್ಷಾಫಲಕದ ಒಂದು ಗುಳಿಯ ಸಂಖ್ಯೆ. 1979ರಲ್ಲಿ ಕಂಡ ಪಿ-53ರಲ್ಲಿರುವ ಸಂಖ್ಯೆ ಅದರ ತೂಕವನ್ನು ಹೇಳಲು ಹೊರಟು ತಪ್ಪಿದೆ. ಅಳೆಯುವ ಲೋಳೆಯಲ್ಲಿ ಅದು ನಿಧಾನವಾಗಿ ಸರಿದುದರಿಂದ ಹೆಚ್ಚಾಗಿ ತೋರಿತು, ನಿಜವಾದ ತೂಕ 44 ಸಾವಿರದ ಆಸುಪಾಸು. ಕನ್ನಡದ ಪಾರಿಭಾಷಿಕಗಳ ದೋಷವನ್ನು ಎಣಿಸುವವರು ಪಾಶ್ಚಾತ್ಯರದೆಲ್ಲ ನಿರ್ದುಷ್ಟವೆಂದು ತಿಳಿಯಬೇಕಾಗಿಲ್ಲ.

ಗುರುತು ಎಂಬ ಅರ್ಥದಲ್ಲಿ ‘ಸೂಚಕ’ವೆಂದು ಬರೆಯುವುದು ವಾಡಿಕೆ. ತರ್ಕದ ‘ಲಿಂಗ’ವೇ ಇದಕ್ಕೆ ನಿಜವಾದ ಸಮಾನಶಬ್ದ, ಹೊಗೆ ಬೆಂಕಿಗೆ ಲಿಂಗವಾದಂತೆ. ರೂಢಾರ್ಥಗಳ ತೊಡಕಿನಿಂದ ಆ ಶಬ್ದವನ್ನು ಇಂದು ಬಳಸಲಾಗದಿದ್ದರೂ ಅದರ ನಿಯಮವನ್ನು ಬಿಡಬಾರದು: ವ್ಯಾಪ್ತಿಯಿಲ್ಲದ ಲಿಂಗ ಅನುಮಾನಕ್ಕೆ ಸಾಧನವಲ್ಲ. ಪಿ-53ರ ವಿಷಯದಲ್ಲಿ ಎರಡು ತೊಡಕುಗಳಿವೆ. ಬಿಸಿಲಿನಿಂದ ಚರ್ಮದ ಕೋಶ ಕೆಟ್ಟಾಗ ಅದನ್ನು ಉದುರಿಸುವ ಪ್ರೋಟೀನು ಇದೇ. 1994ರಲ್ಲಿ ಪ್ರಕಟವಾದ ಪ್ರಸಿದ್ಧ ಸಂಶೋಧನೆಯಿಂದ ಇದು ಸ್ಪಷ್ಟವಾಯಿತು. ಆರೋಗ್ಯವಂತ ಕೋಶದಲ್ಲಿ ಇದು ಹುಟ್ಟಿದೊಡನೆ ಕರಗಿಹೋಗುವುದರಿಂದ ಬಣ್ಣಕ್ಕೆ ಸಿಗುವುದು ಅಪೂರ್ವ. ತಾನೇ ವಿಕಾರಗೊಂಡು ಕೆಲಸಕ್ಕೆ ಬಾರದಂತಾದಾಗಲೇ ಹೆಚ್ಚಾಗಿ ಅದು ಕರಗದೆ ರಾಶಿಬಿದ್ದು ಕಂದುಬಣ್ಣವಾಗಿ ಕಾಣಿಸಿಕೊಳ್ಳುತ್ತದೆ. ಕಾವಲುಗಾರನು ಸತ್ತುಬಿದ್ದಾಗ ಮಾತ್ರ ಕಾಣಸಿಗುವಂತೆ ಇದು. ಆದುದರಿಂದ ‘ಪಿ-53 ಹೆಚ್ಚಾಗಿದೆ’ ಎಂಬ ಕನ್ನಡ ವಾಕ್ಯವು ಓದುಗನಿಗೆ ರಕ್ಷಣೆ ಹೆಚ್ಚಿದೆಯೆಂಬ ವಿಪರೀತಾರ್ಥವನ್ನು ಕೊಡುತ್ತದೆ. ‘ಪಿ-53 ಕರಗದೆ ಉಳಿದಿದೆ’ ಎಂದು ಬರೆಯುವುದು ಅವಶ್ಯ. ಎರಡನೆಯದಾಗಿ, ನೋಟಕ್ಕೆ ನಿರ್ದುಷ್ಟವಾಗಿರುವ, ಬಿಸಿಲು ಬೀಳುವ ಚರ್ಮದಲ್ಲಿಯೂ ಪಿ-53 ಕೆಟ್ಟ ಕೋಶಗಳ ತೇಪೆಗಳಿರುವುದು 1996ರಿಂದ ತಿಳಿದಿದೆ. ಸಾಧ್ಯವಿಲ್ಲದೆಡೆಯಲ್ಲಿಯೂ ಇರುವ ಹೇತುವನ್ನು ತಾರ್ಕಿಕರು ಸವ್ಯಭಿಚಾರವೆನ್ನುತ್ತಾರೆ. ಇದೊಂದರಿಂದಲೇ ನಿರ್ಣಯಿಸಬಾರದೆಂಬುದು ತಾತ್ಪರ್ಯ. ಪರೀಕ್ಷಕರೂ ಹಾಗೆ ನಿರ್ಣಯಿಸುವುದಿಲ್ಲ, ಪತ್ರಿಕೆಗಳ ಅನುವಾದಕರು ನಿರ್ಣಯಿಸಿಬಿಡುತ್ತಾರೆ.

ಬಿಸಿಲಿನ ಕಲೆಗಳು ಬಿಳಿಯ ಮೈಯವರಲ್ಲಿ ಹೆಚ್ಚು, ಕನ್ನಡನಾಡಿನ ಮೈಬಣ್ಣದವರಲ್ಲಿ ಕಡಿಮೆ. ಕನ್ನಡಿಗರಿಗೆ ನೇರವಾಗಿ ತಟ್ಟಿದ ನಿದರ್ಶನ ಬೇರೆಡೆಯಿದೆ. ಈಶಾನ್ಯ ಕರ್ನಾಟಕದ ಮಂಗಳೂರು ಶಿಲಾವಲಯದಲ್ಲಿ (ಇದು ಕರಾವಳಿಯ ಮಂಗಳೂರಲ್ಲ, ಯಾದಗಿರಿ ಜಿಲ್ಲೆಯದು) ಹಳೆಯ ಚಿನ್ನದ ಗಣಿಯ ನೆರೆಯ ಜನರನ್ನು ಪರೀಕ್ಷಿಸಿದ ವರದಿ 2013ರಲ್ಲಿ ಪ್ರಕಟವಾಯಿತು. 59 ಕೊಳವೆಬಾವಿಗಳ ನೀರಿನಲ್ಲಿ ನೂರಕ್ಕೆ 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಮಿನ ಮೇರೆಯನ್ನು ಮೀರಿತ್ತು, ಒಂದರಲ್ಲಿ 303ರವರೆಗೆ ಮುಟ್ಟಿತ್ತು. ನೋಡಿದ 181 ಜನರಲ್ಲಿ ನೂರಕ್ಕೆ 58.6ರಷ್ಟು ಮಂದಿಗೆ ಚರ್ಮದ ವಿಕಾರವಿದ್ದಿತು. ಇಂಥ ವಿಷದಿಂದ ಅಂಗೈ ಅಂಗಾಲುಗಳಲ್ಲಿ ಏಳುವ ಗಟ್ಟಿ ಗಂಟುಗಳು ಕ್ಯಾನ್ಸರಾಗಬಲ್ಲವು. ನೋಟಕ್ಕೆ ಅವು ಆಣಿಗಳಂತಿರುತ್ತವೆ. ಸುಶ್ರುತನ ಕ್ಷುದ್ರರೋಗಗಳಲ್ಲಿ ಬರುವ ‘ಕದರ’ವೂ ಆಣಿಯೇ. ಆದರೆ ಆಣಿಯೆಂದರೆ ಯಾರೂ ವೈದ್ಯರಲ್ಲಿಗೆ ಹೋಗುವುದಿಲ್ಲ. ‘ವಿಷದಾಣಿ’ ಎಂದರೆ ಹೋದಾರು.

ಆರ್ಸೆನಿಕ್ಕಿಗೆ ಕನ್ನಡದಲ್ಲಿ ‘ಪಾಷಾಣ’ವೆಂಬ ಹಳೆಯ ಹೆಸರಿದೆ. ಕಲ್ಲೆಂಬ ಅರ್ಥವೂ ಅದಕ್ಕಿದೆ; ಕಲ್ಲಿನಿಂದಲೇ ನೀರಿಗಿಳಿದ ಈ ವಿಷಕ್ಕೆ ಇದಕ್ಕಿಂತ ಒಪ್ಪುವ ಮಾತು ಸಿಗಲಾರದು. ಆದರೂ ಒಂದು ಕೊರತೆಯುಂಟು. ಆಡುಮಾತಿನ ಪಾಷಾಣ ಕೂಡಲೇ ಕೊಲ್ಲುವಂಥದು. ಈ ನೀರು ಕುಡಿದವನು ವರ್ಷಗಟ್ಟಲೆ ಓಡಾಡಿಕೊಂಡಿರುತ್ತಾನೆ, ಆದುದರಿಂದ ‘ಇದರಲ್ಲಿ ಪಾಷಾಣವಿದೆ’ ಎಂದರೆ ನಂಬುವುದಿಲ್ಲ. ಆಯುರ್ವೇದವು ಬಲಗುಂದಿದ ವಿಷವು ದೇಹದಲ್ಲಿ ಬಹುಕಾಲ ನಿಂತು, ಕುಷ್ಠಾದಿ ಚರ್ಮವಿಕಾರಗಳನ್ನು ತರುವುದನ್ನು ‘ದೂಷೀವಿಷ’ವೆಂದು ಬೇರೆಯಾಗಿ ಹೆಸರಿಸಿದೆ. ಬಾವಿಯ ಬಳಿ ನಿಲ್ಲಿಸುವ ಹಲಗೆಗೆ ಆ ಸಂಸ್ಕೃತ ಶಬ್ದ ಒಗ್ಗದು. ‘ಕೂಡಲೇ ಕೊಲ್ಲದ ಪಾಷಾಣ, ಕುಡಿಯಬಾರದು’ ಎಂಬ ನಾಲ್ಕು ಮಾತುಗಳಲ್ಲಿ ಅದರ ಅರ್ಥವೆಲ್ಲ ಬರುತ್ತದೆ.